ಸುಬ್ಬಲಕ್ಷ್ಮಿಯವರ ಕೊಂಕಣ ಯಾತ್ರೆ

ಸಾಂತಾಕ್ರೂಜ್ ಪೂರ್ವದ ಒಂದು ಹೌಸಿಂಗ್ ಸೊಸೈಟಿಯ ಮೂರನೇ ಮಹಡಿಯಲ್ಲಿರುವ ಜಯಸಿಂಹರು ರೈಲು ಪ್ರಯಾಣದ ವಿಷಯದಲ್ಲಿ ಆ ಬಿಲ್ಡಿಂಗಿಗೇ ದೊಡ್ಡ ಪಂಡಿತರು. ಯಾವ ಗಾಡಿಯಲ್ಲಿ ಸೀಟು ಮೆತ್ತಗಿರುತ್ತದೆ, ಯಾವ ಬೋಗಿ ಹೆಚ್ಚು ಕುಲುಕುತ್ತದೆ, ಯಾವ ಸ್ಟೇಷನ್ನಿನ ಲಿಫ್ಟು ಕೆಲಸ ಮಾಡುತ್ತದೆ, ಎಲ್ಲವೂ ಅವರ ನಾಲಿಗೆಯ ತುದಿಯಲ್ಲಿ. ಈ ಪಾಂಡಿತ್ಯಕ್ಕೆ ಇದ್ದ ಸಣ್ಣ ಕೊರತೆಯೆಂದರೆ, ಬ್ಯಾಂಕಿನಿಂದ ನಿವೃತ್ತರಾದ ಮೇಲೆ ಅವರು ಲೋಕಲ್ ಬಿಟ್ಟು ಬೇರೆ ಯಾವ ರೈಲನ್ನೂ ಹತ್ತಿರಲಿಲ್ಲ. ಆದರೆ ಪಂಡಿತರಾದವರು ಎಲ್ಲವನ್ನೂ ಸ್ವತಃ ಮಾಡಿ ನೋಡಬೇಕೆಂದು ಎಲ್ಲಿ ಬರೆದಿದೆ?

ಈ ಕಥೆ ಅವರದಲ್ಲ, ಅವರ ಹೆಂಡತಿ ಸುಬ್ಬಲಕ್ಷ್ಮಿಯವರದು. ಆದರೆ ಆ ಮನೆಯಲ್ಲಿ ಯಾವುದೇ ವಿಷಯ ಶುರುವಾಗುವುದು ಜಯಸಿಂಹರಿಂದಲೇ ಆದ್ದರಿಂದ ಕಥೆಯೂ ಹಾಗೆಯೇ ಶುರುವಾಯಿತು.

ಸುಬ್ಬಲಕ್ಷ್ಮಿ ಮೈಸೂರಿನ ಕೃಷ್ಣಮೂರ್ತಿಪುರದ ಹುಡುಗಿ. ಮದುವೆಯಾಗಿ ಬೊಂಬಾಯಿಗೆ ಬಂದ ಹೊಸದರಲ್ಲೇ ಫೋರ್ಟಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಕೆಲಸ ಸಿಕ್ಕಿತು. ಪರಊರಿಗೆ ಮಾತಾಡಬೇಕಾದವರು ಟ್ರಂಕ್ ಕಾಲ್ ಬುಕ್ ಮಾಡಿ ಫೋನಿನ ಮುಂದೆ ಜಪಕ್ಕೆ ಕೂತಂತೆ ಕೂರುತ್ತಿದ್ದ ಕಾಲ ಅದು. ಅವರ ಪಾಲಿಗೆ ಬಂದದ್ದು ಕೊಂಕಣದ ಲೈನುಗಳನ್ನು ಜೋಡಿಸುವ ಬೋರ್ಡು. ಕಿವಿಗೆ ಹೆಡ್‌ಫೋನ್ ಏರಿಸಿ, "ಹಲೋ ಚಿಪ್ಳೂಣ್... ಹಲೋ ರತ್ನಾಗಿರಿ... ಹಲೋ ಕುಡಾಳ್..." ಎಂದು ಇಡೀ ದಿನ ಕರೆಯುವುದು. ಆ ತುದಿಯಲ್ಲಿ ಯಾರದೋ ತಾಯಿ. ಈ ತುದಿಯಲ್ಲಿ ಲಾಲ್‌ಬಾಗಿನ ಗಿರಣಿಯಲ್ಲಿ ದುಡಿಯುವ ಮಗ, ಈ ಸಲ ಗಣಪತಿಗೆ ರಜ ಸಿಗಲಿಲ್ಲವೆಂದು ಕಿರುಚುತ್ತಿರುವವನು. ನಡುವೆ ಸುಬ್ಬಲಕ್ಷ್ಮಿ. ಎಷ್ಟೋ ಹೆರಿಗೆ, ಎಷ್ಟೋ ಸಾವು ಅವರ ಕಿವಿಯನ್ನು ದಾಟಿಯೇ ಮುಂದೆ ಹೋಗಿದ್ದವು. ರತ್ನಾಗಿರಿಯ ಎಕ್ಸ್‌ಚೇಂಜಿನಲ್ಲಿ ಮಾಧುರಿ ಎಂಬ ಆಪರೇಟರ್ ಇದ್ದಳು. ಲೈನು ಸಿಗುವವರೆಗೆ ಇವರು ಮರಾಠಿಯಲ್ಲಿ "ಪಾವೂಸ್ ಆಹೇ ಕಾ ಗ?", ಮಳೆ ಇದೆಯೇನೇ, ಎಂದು ಕೇಳುವುದು, ಅವಳು "ಮುಸಳ್‌ಧಾರ್!", ಒನಕೆಧಾರೆ, ಎನ್ನುವುದು, ಇಬ್ಬರೂ ನಗುವುದು. ವರ್ಷಗಟ್ಟಲೆ ಹೀಗೆ ನಡೆಯಿತು. ಆಮೇಲೆ ಎಲ್ಲರೂ ನೇರವಾಗಿ ನಂಬರು ತಿರುಗಿಸುವ ಕಾಲ ಬಂತು. ಬೋರ್ಡು ಹೋಯಿತು, ಮಾಧುರಿಯ ದನಿಯೂ ಹೋಯಿತು. ಸುಬ್ಬಲಕ್ಷ್ಮಿಯವರನ್ನು ಬಿಲ್ಲಿನ ವಿಭಾಗಕ್ಕೆ ಹಾಕಿದರು. ಜಯಸಿಂಹರ ಲೆಕ್ಕದಲ್ಲಿ ಹೆಂಡತಿಯ ಸರ್ವಿಸ್ ಎಂದರೆ "ಅದೇ, ಹಲೋ ಹಲೋ ಅನ್ನೋ ಕೆಲಸ."

ಇಷ್ಟೆಲ್ಲ ಊರುಗಳನ್ನು ಹೆಸರು ಹಿಡಿದು ಕರೆದ ಸುಬ್ಬಲಕ್ಷ್ಮಿ ಅವುಗಳಲ್ಲಿ ಒಂದನ್ನೂ ಕಣ್ಣಿಂದ ನೋಡಿರಲಿಲ್ಲ. ಸಿಕ್ಕ ರಜೆಯೆಲ್ಲ ಮೈಸೂರಿಗೆ ಹೋಗಿ ಬರುವುದಕ್ಕೇ ಸರಿಹೋಗುತ್ತಿತ್ತು. ಆ ಪ್ರಯಾಣದಲ್ಲೂ ಕಿಟಕಿ ಜಯಸಿಂಹರದು. ಗಾಳಿ ಬೀಸದಿದ್ದರೆ ಅವರಿಗೆ ಹೊಟ್ಟೆ ತೊಳಸುತ್ತದೆ. ಸುಬ್ಬಲಕ್ಷ್ಮಿಯವರ ಹೊಟ್ಟೆ ಹಾಗೆಲ್ಲ ತೊಳಸುವ ಜಾತಿಯದಲ್ಲವಾದ್ದರಿಂದ ಅವರು ತೊಡೆಯ ಮೇಲೆ ಮಗಳನ್ನೂ, ಕಾಲಡಿಯಲ್ಲಿ ನೀರಿನ ಕೂಜವನ್ನೂ ಇಟ್ಟುಕೊಂಡು, ಎದುರು ಸೀಟಿನವರ ಮುಖ ನೋಡುತ್ತ ಮೈಸೂರು ತಲುಪುತ್ತಿದ್ದರು.

ಒಂದು ಸಂಜೆ ಟೀವಿಯಲ್ಲಿ, ಗಾಜಿನ ಚಾವಣಿ, ಗಾಜಿನ ಗೋಡೆಯ ಬೋಗಿಯೊಂದು ಕೊಂಕಣದ ಹಸಿರಿನಲ್ಲಿ ಹೋಗುವುದನ್ನು ತೋರಿಸಿದರು. ಸುಬ್ಬಲಕ್ಷ್ಮಿ ಸೊಪ್ಪು ಬಿಡಿಸುತ್ತಿದ್ದವರು ಕೈ ನಿಲ್ಲಿಸಿದರು.

"ರೀ, ಈ ಮಳೆಗಾಲದಲ್ಲಿ ಒಂದ್ಸಲ ಇದರಲ್ಲಿ ಹೋಗ್ಬರೋಣ. ಚಿಪ್ಳೂಣ್, ರತ್ನಾಗಿರಿ ಎಲ್ಲ ನೋಡ್ಬೇಕು ಅಂತ ನಂಗೆ ಬಹಳ ದಿನದ ಆಸೆ."

ಅವರು ಮಾಡಿದ ತಪ್ಪು ಇಷ್ಟೇ. ಆಸೆಯನ್ನು ಬಾಯಿ ಬಿಟ್ಟು ಹೇಳಿದ್ದು.

ಜಯಸಿಂಹರು ಕನ್ನಡಕ ತೆಗೆದು ಒರೆಸಿಕೊಂಡರು. ಹಿಂದೆ ಸಾಲದ ಅರ್ಜಿ ಎದುರಿಗೆ ಬಂದಾಗ ಹೀಗೆಯೇ ಒರೆಸಿಕೊಳ್ಳುತ್ತಿದ್ದರಂತೆ.

"ನೋಡು ಸುಬ್ಬೂ, ನಮ್ಮ ವಯಸ್ಸಲ್ಲಿ ಸುಮ್ನೆ ಟಿಕೆಟ್ ತಗೊಂಡು ಹತ್ತಿಬಿಡಕ್ಕಾಗಲ್ಲ. ಕಂಫರ್ಟ್ ಮುಖ್ಯ. ಪ್ಲಾನ್ ಮಾಡ್ಬೇಕು. ನೀನು ತಲೆ ಕೆಡಿಸ್ಕೋಬೇಡ, ಎಲ್ಲ ನಾನು ನೋಡ್ಕೋತೀನಿ."

ಅವರು ನೋಡಿಕೊಳ್ಳತೊಡಗಿದರು. ನೋಡಿಕೊಂಡದ್ದು ಹೆಚ್ಚಾಗಿ ಮೊಬೈಲಿನಲ್ಲಿ. ಯಾರೋ ಹುಡುಗರು ಬೋಗಿಯೊಳಗೆ ಓಡಾಡುತ್ತ "ಹಲೋ ದೋಸ್ತೋ" ಎಂದು ಸೀಟನ್ನು ತಟ್ಟಿ ತೋರಿಸುವ, ಕೊನೆಗೆ ಶೌಚಾಲಯದ ಬಾಗಿಲನ್ನೂ ತೆರೆದು ತೋರಿಸುವ ವೀಡಿಯೋಗಳು. ಜಯಸಿಂಹರು ಗುಡ್ಡ ಬಂದಾಗ ವೀಡಿಯೋವನ್ನು ಓಡಿಸಿ, ಶೌಚಾಲಯ ಬಂದಾಗ ನಿಲ್ಲಿಸಿ ನೋಡುತ್ತಿದ್ದರು. ಸೀಟು ಅದಕ್ಕೆ ತೀರ ಹತ್ತಿರ ಇರಬಾರದು, ವಾಸನೆ. ತೀರ ದೂರವೂ ಇರಬಾರದು, ಅವಸರ. ಹಿರಿಯ ನಾಗರಿಕರ ವಾಟ್ಸಾಪ್ ಗುಂಪಿನಲ್ಲಿ ಈ ಕುರಿತು ಚರ್ಚೆಯೇ ನಡೆದು, ಇಬ್ಬರು ಮಾತು ಬಿಟ್ಟರು.

ಆಮೇಲೆ ಕಾಲನಿರ್ಣಯ. ಬೇಸಿಗೆಯಲ್ಲಿ ಸೆಖೆ. ಚಳಿಗಾಲದಲ್ಲಿ ಜಯಸಿಂಹರಿಗೆ ಕಫ. ಮಳೆಗಾಲದಲ್ಲಿ ಕೊಂಕಣ ಚೆನ್ನಾಗಿರುತ್ತದೆ, ಆದರೆ ಪ್ಲಾಟ್‌ಫಾರ್ಮ್ ಜಾರುತ್ತದೆ. ಗಣಪತಿ ಹಬ್ಬಕ್ಕೆ ಅರ್ಧ ಮುಂಬಯಿಯೇ ಕೊಂಕಣಕ್ಕೆ ಹೊರಟಿರುತ್ತದೆ. ಗಣಪತಿ ಮುಗಿಯಿತೋ, ಪಿತೃಪಕ್ಷ. ಹೀಗೆ ಸೋಸಿ ಸೋಸಿ ನೋಡಿದಾಗ, ಹಿರಿಯರ ಸುಖಪ್ರಯಾಣಕ್ಕೆ ಯೋಗ್ಯವಾದ ಕಾಲವನ್ನು ದೇವರು ವರ್ಷದಲ್ಲಿ ಇಟ್ಟೇ ಇಲ್ಲವೆಂದು ತಿಳಿದುಬಂತು.

ಅಷ್ಟರಲ್ಲಿ ಮನೆಗೆ ಪಾರ್ಸೆಲ್‌ಗಳು ಬರತೊಡಗಿದವು. ಕುತ್ತಿಗೆಗೆ ದಿಂಬು, ಸೊಂಟಕ್ಕೆ ದಿಂಬು, ಊದಿಸಿದರೆ ಕಾಲುಮಣೆಯಾಗುವ ಚೀಲ, ರಕ್ತಸಂಚಾರಕ್ಕೆ ಬಿಗಿ ಕಾಲುಚೀಲ. ಕಾಲುಚೀಲ ಎಷ್ಟು ಬಿಗಿಯಾಗಿತ್ತೆಂದರೆ ಗಂಡನ ಕಾಲಿಗೆ ಹಾಕಲು ಸುಬ್ಬಲಕ್ಷ್ಮಿ ನೆಲದ ಮೇಲೆ ಕೂತು ಎಳೆಯಬೇಕಾಯಿತು. ತೆಗೆಯಲು ಕೆಳಮನೆಯವರನ್ನು ಕರೆಯಬೇಕಾಯಿತು.

ಇಷ್ಟಾದ ಮೇಲೆ ಜಯಸಿಂಹರಿಗೆ ಹೊಳೆದದ್ದು ತಾಲೀಮು. ಅಷ್ಟು ಹೊತ್ತು ಒಂದೇ ಕಡೆ ಕೂರಲು ದೇಹ ಒಪ್ಪುತ್ತದೆಯೇ ಎಂದು ಪರೀಕ್ಷಿಸದೆ ಹೊರಡುವುದು ಹುಚ್ಚುತನ. ಒಂದು ಬೆಳಿಗ್ಗೆ ಸ್ನಾನ ಮುಗಿಸಿ, ಮೂರು ದಿಂಬುಗಳ ಸಮೇತ ಹಾಲಿನ ಕಿಟಕಿಯ ಪಕ್ಕ ಕುರ್ಚಿ ಹಾಕಿಕೊಂಡು ಕೂತರು.

"ನೀನೀಗ ಪ್ಯಾಂಟ್ರಿ ಕಾರ್ ಅಂತ ತಿಳ್ಕೋ," ಎಂದರು ಹೆಂಡತಿಗೆ.

ಸುಬ್ಬಲಕ್ಷ್ಮಿಯವರಿಗೆ ತಿಳಿದುಕೊಳ್ಳಲು ಕಷ್ಟವಾಗಲಿಲ್ಲ. ಮದುವೆಯಾದಾಗಿನಿಂದ ಅದೇ ಆಗಿದ್ದರು. ಉಪ್ಪಿಟ್ಟು ಕೊಟ್ಟರು, ಕಾಫಿ ಕೊಟ್ಟರು, ಮತ್ತೆ ಕಾಫಿ ಕೊಟ್ಟರು. ಕಿಟಕಿಯಾಚೆ ರಿಡೆವಲಪ್‌ಮೆಂಟಿಗೆ ಹೋದ ಪಕ್ಕದ ಬಿಲ್ಡಿಂಗು ಹಸಿರು ಪರದೆ ಹೊದ್ದು ನಿಂತಿತ್ತು. ಆಗಾಗ ತಲೆಯ ಮೇಲೆಯೇ ವಿಮಾನಗಳು ಇಳಿಯುತ್ತಿದ್ದವು. ಜಯಸಿಂಹರು ಅದನ್ನೇ ದಿಟ್ಟಿಸುತ್ತ, ಊಟವಾದ ಕೂಡಲೇ ಬಾಯಿ ತೆರೆದು ನಿದ್ದೆ ಹೋದರು. ಸಂಜೆ ಎದ್ದು, "ಬೆನ್ನು ಸ್ವಲ್ಪ ಹಿಡ್ಕೊಂಡಿದೆ. ಟ್ರಯಲ್ ಫೇಲ್," ಎಂದು ಘೋಷಿಸಿದರು.

ಬೆನ್ನನ್ನು ಡಾಕ್ಟರಿಗೆ ತೋರಿಸಿದರು. ಡಾಕ್ಟರು, "ಏನೂ ಆಗಿಲ್ಲ, ಆರಾಮವಾಗಿ ಹೋಗಿ ಬನ್ನಿ," ಎಂದುಬಿಟ್ಟರು. ಇಷ್ಟು ಬೇಜವಾಬ್ದಾರಿಯ ಡಾಕ್ಟರನ್ನು ನಂಬುವುದು ಹೇಗೆ? ಇನ್ನೊಬ್ಬರ ಹತ್ತಿರ ಹೋದರು. ಅವರೂ ಹೋಗಿ ಬನ್ನಿ ಎಂದರು. ಮೂರನೆಯವರು, "ಈ ವಯಸ್ಸಿನಲ್ಲಿ ಸ್ವಲ್ಪ ಜಾಗ್ರತೆ ಇರಲಿ," ಎಂದಮೇಲೆ ಜಯಸಿಂಹರಿಗೆ ಸಮಾಧಾನವಾಯಿತು. ಅಂದಿನಿಂದ ಅವರೇ ಫ್ಯಾಮಿಲಿ ಡಾಕ್ಟರು.

ಅಂಧೇರಿಯಲ್ಲಿರುವ ಮಗಳು ಸುಪ್ರಜಾ ವೀಡಿಯೋ ಕಾಲ್ ಮಾಡಿದಾಗ ಸುಬ್ಬಲಕ್ಷ್ಮಿ ಸಂಗತಿ ತಿಳಿಸಿದರು. ಸುಪ್ರಜಾ ಸಿನಿಮಾ ಎಡಿಟಿಂಗ್ ಮಾಡುವ ಆಫೀಸಿನಲ್ಲಿ ಕೆಲಸ ಮಾಡುವವಳು. ಉದ್ದವಾಗಿರುವುದನ್ನು ಕತ್ತರಿಸುವುದೇ ಅವಳ ವೃತ್ತಿ.

"ಅರೆ ಅಮ್ಮಾ, ಇಷ್ಟು ಟೆನ್ಶನ್ ಕ್ಯೂಂ? ಗೋವಾ ಫ್ಲೈಟ್ ಒನ್ ಅವರ್. ನಾನು ಬುಕ್ ಮಾಡ್ತೀನಿ. ಸೀದಾ ರಿಸಾರ್ಟ್. ಬಸ್, ಅಷ್ಟೇ."

"ನಂಗೆ ಗೋವಾ ಬೇಡಮ್ಮ. ದಾರಿ ಬೇಕು."

"ದಾರೀಲಿ ಏನಿದೆ?"

ಸುಬ್ಬಲಕ್ಷ್ಮಿ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಜಯಸಿಂಹರು ಫೋನು ಇಸಿದುಕೊಂಡು ವಿಮಾನದ ಸೀಟು ಕಾಲಿಗೆ ಎಷ್ಟು ಇಕ್ಕಟ್ಟೆಂಬುದನ್ನು ಮಗಳಿಗೆ ವಿವರಿಸತೊಡಗಿದರು.

ಪಕ್ಕದ ಸೊಸೈಟಿಯ ವಾರಿಜಾ ಸುಬ್ಬಲಕ್ಷ್ಮಿಯವರ ಲೋಕಲ್ ಗೆಳತಿ. ಅಂದರೆ ಲೋಕಲ್ಲಿನ ಲೇಡೀಸ್ ಡಬ್ಬಿಯಲ್ಲಿ ಒಬ್ಬರ ಹೆಗಲಿಗೆ ಒಬ್ಬರು ಒರಗಿ ನಿಂತು ಬೆಳೆದ ಗೆಳೆತನ. ಉಡುಪಿ ಕಡೆಯವಳು. ಗಂಡ ಫೋರ್ಟಿನಲ್ಲಿ ನಡೆಸುತ್ತಿದ್ದ ಹೋಟೆಲಿನ ಗಲ್ಲಾದ ಮೇಲೆ ಕೂತು, ಗಂಡ ಹೋದಮೇಲೂ ಕೂತು, ಈಗ ಅದನ್ನು ಮೈದುನನಿಗೆ ವಹಿಸಿ ಆರಾಮವಾಗಿದ್ದಳು. ಸಂಜೆಯ ವಾಕಿಂಗಿನಲ್ಲಿ ದಿಂಬುಗಳ ಪುರಾಣ, ಡಾಕ್ಟರುಗಳ ಪುರಾಣ ಎಲ್ಲ ಕೇಳಿ, ನಡೆಯುತ್ತಿದ್ದವಳು ನಿಂತುಬಿಟ್ಟಳು.

"ಎಂತ ಮಾರಾಯ್ತಿ, ನಿನ್ನ ಯಜಮಾನ್ರು ರೈಲಲ್ಲಿ ಹೋಗ್ಲಿಕ್ಕೆ ಪ್ಲಾನ್ ಮಾಡುದಾ, ರೈಲು ಕಟ್ಲಿಕ್ಕೆ ಪ್ಲಾನ್ ಮಾಡುದಾ?"

ಸುಬ್ಬಲಕ್ಷ್ಮಿ ನಕ್ಕರು. ನಗು ನಿಂತ ಮೇಲೆ ಒಂದು ವಿಚಿತ್ರ ಸಂಗತಿ ಅವರ ಮನಸ್ಸಿಗೆ ಬಂತು. ತಾನು ಯಾಕೆ ಕಾಯುತ್ತಿದ್ದೇನೆ? ಒಂದು ಕಾಲದಲ್ಲಿ ಫೋರ್ಟಿನಲ್ಲಿ ಕೂತು ಸಾವಂತವಾಡಿಯ ಪೋಸ್ಟ್‌ಮಾಸ್ಟರನ್ನು ನಿದ್ದೆಯಿಂದ ಎಬ್ಬಿಸಿದವಳು ತಾನು. ಈಗ ಅಲ್ಲಿಗೊಂದು ಟಿಕೆಟು ತೆಗೆದುಕೊಳ್ಳಲು, ದಿಂಬು ಊದುತ್ತಿರುವ ಒಬ್ಬ ಗಂಡಸಿನ ಅಪ್ಪಣೆ ಬೇಕೇ?

ಮರುದಿನ ತರಕಾರಿ ಚೀಲ ಹಿಡಿದು ಹೊರಟವರು ಸೀದಾ ಸ್ಟೇಷನ್ನಿನ ರಿಸರ್ವೇಶನ್ ಕೌಂಟರಿಗೆ ಹೋದರು. ಜತೆಗೆ ವಾರಿಜಾ, ಧೈರ್ಯಕ್ಕೆ. ಗಾಜಿನ ಬೋಗಿ, ಗೋವಾದ ಮಡಗಾಂವ್‌ವರೆಗೆ, ದಾದರಿನಿಂದ ಹತ್ತುವುದು, ಜುಲೈ ಕೊನೆ. ಕೌಂಟರಿನವನು ಕಂಪ್ಯೂಟರಿನಿಂದ ಕಣ್ಣೆತ್ತದೆ, "ಆಜೀ, ಏಕ್ ಕೀ ದೋನ್?" ಎಂದ.

ಒಂದೋ ಎರಡೋ. ಎಷ್ಟು ಸರಳವಾದ ಪ್ರಶ್ನೆ. ಹಿಂದಿದ್ದವರು ಕೆಮ್ಮುವಷ್ಟು ಹೊತ್ತು ಸುಬ್ಬಲಕ್ಷ್ಮಿ ಯೋಚಿಸಿದರು.

"ದೋನ್," ಎಂದರು. ವಾರಿಜಾ ಹಣೆ ಚಚ್ಚಿಕೊಂಡಳು.

ರಾತ್ರಿ ಊಟಕ್ಕೆ ಕೂತಾಗ ಟಿಕೆಟನ್ನು ಉಪ್ಪಿನಕಾಯಿ ಜಾಡಿಯ ಪಕ್ಕ ಇಟ್ಟರು. ಜಯಸಿಂಹರು ಅದನ್ನು ಎರಡು ಸಲ ತಿರುವಿ ನೋಡಿದರು.

"ಯಾರನ್ನ ಕೇಳಿ ತಗೊಂಡೆ?"

"ಕೌಂಟರ್‌ನೋನನ್ನ ಕೇಳಿ."

"ಪ್ಲಾನಿಂಗ್ ಇನ್ನೂ ಮುಗಿದಿಲ್ಲ ಸುಬ್ಬೂ!"

"ನೀವು ಮಾಡ್ತಿರಿ. ಮುಗಿದಿಲ್ಲ ಅಂದ್ರೆ ನಾನು ವಾರಿಜನ್ನ ಕರ್ಕೊಂಡು ಹೋಗ್ತೀನಿ. ಅವಳಿಗೆ ಪ್ಲಾನಿಂಗ್ ಬರಲ್ಲ."

ಜಯಸಿಂಹರು ಅನ್ನ ಕಲಸಿದರು, ಮಜ್ಜಿಗೆ ಸುರಿದುಕೊಂಡು ಮತ್ತೆ ಕಲಸಿದರು. ಆಮೇಲೆ, ಹೆಂಡತಿಯೊಬ್ಬಳನ್ನೇ ಈ ವಯಸ್ಸಿನಲ್ಲಿ ಕಳಿಸುವಷ್ಟು ಕಟುಕ ತಾನಲ್ಲವೆಂದೂ, ಏನಾದರೂ ಹೆಚ್ಚುಕಮ್ಮಿಯಾದರೆ ಮಾತ್ರ ತನ್ನನ್ನು ದೂರಬಾರದೆಂದೂ ಹೇಳಿದರು. ಮಾರನೆಯ ದಿನ ವಾಟ್ಸಾಪ್ ಗುಂಪಿಗೆ ಅವರು ಬರೆದದ್ದು ಹೀಗೆ: "ಸಾಕಷ್ಟು ಅಧ್ಯಯನದ ನಂತರ ಟಿಕೆಟ್ ಬುಕ್ ಮಾಡಿದ್ದೇನೆ."

ಹೊರಡುವ ದಿನ ಬೆಳಗಿನ ಜಾವದ ಕತ್ತಲಲ್ಲಿ ಮಳೆ ಸುರಿಯುತ್ತಿತ್ತು. ಟ್ಯಾಕ್ಸಿಯಲ್ಲಿ ಸುಬ್ಬಲಕ್ಷ್ಮಿಯವರ ಒಂದು ಚೀಲ, ಜಯಸಿಂಹರ ಸುಖದ ಮೂರು ಚೀಲ. ದಾದರಿನಲ್ಲಿ ಕೂಲಿಯವನು ಊದಿಸಿದ ಕಾಲುಮಣೆಯನ್ನು ಎತ್ತಿ, "ಸಾಬ್, ಬಚ್ಚಾ ಕಿಧರ್ ಹೈ?", ಮಗು ಎಲ್ಲಿ, ಎಂದು ಕೇಳಿದ. ಜಯಸಿಂಹರು ಅದನ್ನು ಕಿತ್ತುಕೊಂಡು ಕಂಕುಳಲ್ಲಿ ಇಟ್ಟುಕೊಂಡರು.

ಬೋಗಿ ಟೀವಿಯಲ್ಲಿ ಕಂಡದ್ದಕ್ಕಿಂತ ಚೆನ್ನಾಗಿತ್ತು. ಅಗಲವಾದ ಗಾಜು, ತಲೆಯ ಮೇಲೂ ಗಾಜು, ಬೇಕಾದ ಕಡೆ ತಿರುಗುವ ಸೀಟು. ಅಕ್ಕಪಕ್ಕದ ಸೀಟುಗಳಲ್ಲಿ ಒಂದು ಕಿಟಕಿಗೆ, ಒಂದು ಓಡಾಡುವ ದಾರಿಗೆ. ಸುಬ್ಬಲಕ್ಷ್ಮಿ ಚೀಲ ಮೇಲಿಡುತ್ತಿರುವಷ್ಟರಲ್ಲಿ ಜಯಸಿಂಹರು ಕಿಟಕಿಯ ಪಕ್ಕ ವಿರಾಜಮಾನರಾಗಿದ್ದರು.

"ನಿಂಗೆ ಗೊತ್ತಲ್ಲ, ಈ ಕಡೆ ಕೂತ್ರೆ ನಂಗೆ ಹೊಟ್ಟೆ ತೊಳಸತ್ತೆ."

ಆ ಕಿಟಕಿ ತೆರೆಯುವ ಕಿಟಕಿಯೇ ಅಲ್ಲ, ಗಾಳಿಯ ಪ್ರಶ್ನೆಯೇ ಇಲ್ಲ ಎಂದು ಸುಬ್ಬಲಕ್ಷ್ಮಿ ಹೇಳಬಹುದಿತ್ತು. ಅದರ ಬದಲು ಗಂಡನ ಭುಜದ ಮೇಲಿಂದ ಇಣುಕಿದರು. ಠಾಣೆ ಕಳೆಯಿತು. ಕಡಲಿನಿಂದ ಒಳಚಾಚಿದ ಖಾಡಿಯ ನೀರು ಕಾಣುವ ಹೊತ್ತಿಗೆ ಜಯಸಿಂಹರು ಬೆಳಕು ಕಣ್ಣಿಗೆ ಚುಚ್ಚುತ್ತದೆಂದು ದೂರಿದರು. ಗಾಜಿನ ಮನೆಗೆ ಬಂದು ಬೆಳಕಿನ ಮೇಲೆ ದೂರು! ಚೀಲದಿಂದ ಕಪ್ಪು ಕಣ್ಣುಪಟ್ಟಿ ಹೊರಬಂತು. ಕುತ್ತಿಗೆಗೆ ದಿಂಬು, ಸೊಂಟಕ್ಕೆ ದಿಂಬು, ಕಾಲಿಗೆ ಮಣೆ. ಪನ್ವೇಲ್ ಬರುವಷ್ಟರಲ್ಲಿ ಯಜಮಾನರು ಗಾಜಿಗೆ ತಲೆ ಆನಿಸಿ ಗೊರಕೆ ಹೊಡೆಯುತ್ತಿದ್ದರು. ಕಿಟಕಿಯ ತುಂಬ ದಿಂಬು. ದಿಂಬಿನ ಸಂದಿಯಲ್ಲಿ ಒಂದಿಷ್ಟು ಕೊಂಕಣ.

ಸುಬ್ಬಲಕ್ಷ್ಮಿಯವರಿಗೆ ಕೋಪ ಬರಲಿಲ್ಲ. ನಗುವೂ ಬರಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ ಎದ್ದರು. ಬೋಗಿಯ ಕೊನೆಯಲ್ಲಿ ನಿಂತು ನೋಡುವವರಿಗೆಂದೇ ಒಂದು ಜಾಗ ಇತ್ತು. ನೆಲದಿಂದ ಚಾವಣಿಯವರೆಗೆ ಗಾಜು. ಅಲ್ಲಿ ಹೋಗಿ ನಿಂತರು. ಹಳಿ ಹಿಂದಕ್ಕೆ ಓಡುತ್ತಿತ್ತು. ಎರಡೂ ಕಡೆ ಗದ್ದೆ, ನಾಟಿ ಮಾಡುತ್ತ ಬಗ್ಗಿದ ಹೆಂಗಸರು, ಅವರ ಬೆನ್ನಿನ ಮೇಲೆ ಪ್ಲಾಸ್ಟಿಕ್ ಕೊಪ್ಪೆ. ಮಂಜು ಗುಡ್ಡವನ್ನು ಮುಚ್ಚುತ್ತಿತ್ತು, ತೆಗೆಯುತ್ತಿತ್ತು. ಕೆಂಪು ನೀರು ತುಂಬಿದ ಒಂದು ಹೊಳೆ ದಾಟಿತು. ಗಾಡಿ ನಿಧಾನವಾಯಿತು. ಹಳದಿ ಬೋರ್ಡಿನ ಮೇಲೆ ಕಪ್ಪು ಅಕ್ಷರ.

"ಹಲೋ ಚಿಪ್ಳೂಣ್," ಎಂದರು ಸುಬ್ಬಲಕ್ಷ್ಮಿ. ಮೆಲ್ಲಗೆ ಅಂದುಕೊಂಡದ್ದು ಸ್ವಲ್ಪ ಜೋರಾಗಿಯೇ ಹೊರಬಿತ್ತು.

"ಯಾರಿಗ್ ಹಲೋ ಅಂದ್ರಿ ಅಮ್ಮಾರ? ಕೈಯಾಗ ಫೋನೇ ಇಲ್ಲಲ್ರಿ!"

ತಿರುಗಿದರು. ಕೈಯಲ್ಲಿ ಒರೆಸುವ ಬಟ್ಟೆ, ಮೈಮೇಲೆ ನೀಲಿ ಯೂನಿಫಾರ್ಮ್. ಬೋಗಿಯ ಸ್ವಚ್ಛತೆಯ ಕೆಲಸದ ಹೆಂಗಸು. ಹೆಸರು ರಂಜನಾ, ಇಂಡಿ ತಾಲ್ಲೂಕಿನವಳು, ಈಗ ಕುರ್ಲಾದ ಚಾಳಿನಲ್ಲಿ ಮನೆ. ಸೀಟಿನ ಹತ್ತಿರ ಇವರು ಆಡಿದ ಕನ್ನಡ ಆಗಲೇ ಅವಳ ಕಿವಿಗೆ ಬಿದ್ದಿತ್ತು. ಸುಬ್ಬಲಕ್ಷ್ಮಿ ನಾಚಿಕೊಂಡೇ ಹಳೆಯ ಎಕ್ಸ್‌ಚೇಂಜಿನ ಕಥೆ ಹೇಳಿದರು. ಹೆಡ್‌ಫೋನು, ಬೋರ್ಡು, ಆ ತುದಿಯ ತಾಯಂದಿರು, ಈ ತುದಿಯ ಮಕ್ಕಳು. ಮಗಳಿಗೂ ಹೀಗೆ ಬಿಡಿಸಿ ಹೇಳಿರಲಿಲ್ಲ. ರಂಜನಾ ಗಾಜು ಒರೆಸುತ್ತಲೇ ಕೇಳಿದಳು.

"ಹಂಗಾರ ಇವೆಲ್ಲ ನಿಮ್ಮ ಪರಿಚಯದ ಊರಾ ಅನ್ರಿ. ಬರೇ ಮಾರಿ ನೋಡಿದ್ದಿಲ್ಲ."

"ಹೂಂ. ಮುಖ ನೋಡಿರ್ಲಿಲ್ಲ."

"ನಾ ದಿನಾ ಇದ ದಾರ್ಯಾಗ ಅಡ್ಡಾಡ್ತೀನ್ರಿ. ನಂಗ ಕಾಣೂದು ಗಾಜಿನ ಮ್ಯಾಲಿನ ಕೈ ಗುರ್ತು ಅಷ್ಟ." ಅವಳು ನಕ್ಕು, ಮೂಲೆಯಲ್ಲಿದ್ದ ಎತ್ತರದ ಸ್ಟೂಲನ್ನು ಎಳೆದು ತಂದಳು. "ಕುಂಡ್ರಿ. ಮುಂದ ಉಕ್ಷಿ ಅಂತ ಬರ್ತೈತಿ. ಅಲ್ಲಿ ಅಬ್ಬಿ ಬೀಳ್ತೈತ್ರಿ, ಎಲ್ಲಾರೂ ಓಡಿ ಬಂದು ನಿಂದರ್ತಾರ. ಜಾಗಾ ಬಿಡಬ್ಯಾಡ್ರಿ."

ಸುಬ್ಬಲಕ್ಷ್ಮಿ ಜಾಗ ಬಿಡಲಿಲ್ಲ. ಉಕ್ಷಿಯ ಜಲಪಾತ ಬಂದಾಗ ನಿಜವಾಗಿಯೂ ಬೋಗಿಗೆ ಬೋಗಿಯೇ ಎದ್ದು ಬಂತು. ಎಲ್ಲರ ಕೈ ಮೇಲೆ, ಎಲ್ಲರ ಕೈಯಲ್ಲಿ ಮೊಬೈಲು. ಎದುರಿಗೆ ಬೆಳ್ಳಗೆ ಧುಮುಕುತ್ತಿದ್ದ ನೀರನ್ನು ಅವರು ಅಂಗೈಯಗಲದ ಪರದೆಯಲ್ಲಿ ನೋಡಿ "ವಾವ್" ಎಂದರು. ಸುಬ್ಬಲಕ್ಷ್ಮಿಯೂ ಎರಡು ಫೋಟೋ ತೆಗೆದರು. ಆಮೇಲೆ ಫೋನು ಕೆಳಗಿಟ್ಟು ನೋಡಿದರು. ನೀರಿನ ಹುಡಿ ಗಾಜಿನ ಮೇಲೆ ಹನಿಯಾಗಿ ಕೂತಿತು. ರಂಜನಾ ಒರೆಸಲಿಲ್ಲ. ಅವಳೂ ಬಟ್ಟೆಯನ್ನು ಹೆಗಲ ಮೇಲೆ ಹಾಕಿಕೊಂಡು ನಿಂತಿದ್ದಳು. ಮರುಕ್ಷಣ ಉದ್ದವಾದ ಸುರಂಗ ಎಲ್ಲವನ್ನೂ ನುಂಗಿಹಾಕಿತು.

ರತ್ನಾಗಿರಿಯಲ್ಲಿ ಗಾಡಿ ನಿಂತಾಗ ಸುಬ್ಬಲಕ್ಷ್ಮಿ ಪ್ಲಾಟ್‌ಫಾರ್ಮಿಗೆ ಇಳಿದರು. ಈ ಇಳಿಯುವಿಕೆ ಯಾವ ಪ್ಲಾನಿನಲ್ಲೂ ಇರಲಿಲ್ಲ. ಜಾರುತ್ತದೆಂದು ಅಷ್ಟೆಲ್ಲ ಹೆದರಿಸಿದ್ದ ಪ್ಲಾಟ್‌ಫಾರ್ಮ್ ಕಾಲ ಕೆಳಗೆ ಸುಮ್ಮನೆ ಇತ್ತು. ಚಾವಣಿ ಮುಗಿಯುವವರೆಗೆ ನಡೆದು, ಇನ್ನೆರಡು ಹೆಜ್ಜೆ ಮುಂದೆ ಹೋದರು. ಮಳೆ ಒನಕೆಯಷ್ಟು ದಪ್ಪಕ್ಕೆ ಬೀಳುತ್ತಿತ್ತು. ಕ್ಷಣದಲ್ಲಿ ತಲೆ, ಹೆಗಲು ತೊಯ್ದವು. ಮಾಧುರಿ ಈ ಊರಲ್ಲಿ ಇದ್ದಾಳೋ, ಮಗನ ಜತೆ ಪುಣೆಯಲ್ಲಿದ್ದಾಳೋ, ಇದ್ದಾಳೋ ಇಲ್ಲವೋ. ಅವಳು ಸುಳ್ಳು ಹೇಳುತ್ತಿರಲಿಲ್ಲ ಎಂಬುದಂತೂ ಖಾತ್ರಿಯಾಯಿತು. ಮುಸಳ್‌ಧಾರ್ ಎಂದರೆ ಮುಸಳ್‌ಧಾರ್. ಸುಬ್ಬಲಕ್ಷ್ಮಿಯವರ ಕಣ್ಣಲ್ಲಿ ನೀರು ಬಂದಿದ್ದರೂ ಬಂದಿರಬಹುದು. ಅಷ್ಟು ಮಳೆಯಲ್ಲಿ ಯಾರಿಗೆ ತಿಳಿಯಬೇಕು?

"ಅಮ್ಮಾರ, ಗಾಡಿ ಬಿಡ್ತೈತಿ!" ಎಂದು ರಂಜನಾ ಬಾಗಿಲಲ್ಲಿ ನಿಂತು ಕೂಗಿದಳು. ಓಡಿಬಂದು ಹತ್ತಿದರು. ಮಂಡಿಚಿಪ್ಪಿನ ನೋವು ಕೂಡ ಹಿಂದೆಯೇ ಹತ್ತಿತು. ಆದರೆ ಅದು ಹಳೆಯ ಜತೆಗಾರ, ಟಿಕೆಟು ಕೇಳುವುದಿಲ್ಲ.

ಜಯಸಿಂಹರು ಎಚ್ಚರವಾದದ್ದು ಕುಡಾಳ್ ದಾಟಿದ ಮೇಲೆ, ಹಸಿವಾಗಿ. ಕಣ್ಣುಪಟ್ಟಿ ಎತ್ತಿ ಹೆಂಡತಿಯ ಒದ್ದೆ ತಲೆಯನ್ನು ನೋಡಿದರು.

"ಎಲ್ಲಿಂದ ಸೋರ್ತಿದೆ?"

"ಎಲ್ಲಿಂದಲೂ ಇಲ್ಲ."

"ಏನಾದ್ರೂ ಬಂತಾ, ನೋಡೋ ಅಂಥದ್ದು?"

"ಇಲ್ಲ. ಬರೀ ಕೊಂಕಣ ಬಂತು."

"ಅದೇ ಅಂದ್ಕೊಂಡೆ," ಎಂದು ಜಯಸಿಂಹರು ಚಿತ್ರಾನ್ನದ ಡಬ್ಬಿ ತೆರೆದರು.

ಮಡಗಾಂವಿನಲ್ಲಿ ಎರಡು ದಿನ ಇದ್ದರು. ಜಯಸಿಂಹರು ಹೋಟೆಲಿನ ಹಾಸಿಗೆಯನ್ನು ಪರಿಶೀಲಿಸಿದರು, ಸುಬ್ಬಲಕ್ಷ್ಮಿ ಮೀನಿನ ವಾಸನೆಯ ಮಾರ್ಕೆಟ್ಟಿನಲ್ಲಿ ಮೂಗಿಗೆ ಸೆರಗು ಹಿಡಿದು ಸುತ್ತಾಡಿ ಕೋಕಮ್ ಹುಳಿ ಕೊಂಡರು. ಬರುವಾಗ ರೈಲಿನ ಆಯಾಸವಾಗಿದೆಯೆಂದು ಜಯಸಿಂಹರು ಮಗಳಿಗೆ ಹೇಳಿ ವಿಮಾನ ಬುಕ್ ಮಾಡಿಸಿದರು. ಅಷ್ಟು ನಿದ್ದೆ ಮಾಡಿದವರಿಗೆ ಆಯಾಸವಾಗದೆ ಇರುತ್ತದೆಯೇ?

ಊರಿಗೆ ಬಂದು ಒಂದು ವಾರಕ್ಕೆ ಸೊಸೈಟಿಯ ಹಿರಿಯ ನಾಗರಿಕರು ಅವರ ಅನುಭವ ಕೇಳಲು ತಳಮಹಡಿಯ ಹಾಲಿನಲ್ಲಿ ಸೇರಿದರು. ಗೋಡೆಯ ಮೇಲೆ ಪ್ರೊಜೆಕ್ಟರಿನಿಂದ ಸುಬ್ಬಲಕ್ಷ್ಮಿ ತೆಗೆದ ಫೋಟೋಗಳು ದೊಡ್ಡದಾಗಿ ಬಿದ್ದವು. ಜಯಸಿಂಹರು ಎದ್ದು ನಿಂತು ಶಾಲು ಸರಿಮಾಡಿಕೊಂಡರು.

"ಉಕ್ಷಿ ಫಾಲ್ಸ್ ಮುಂದೆ ನಿಂತಾಗ," ಎಂದರು ದನಿ ತಗ್ಗಿಸಿ, "ನಂಗೆ ಮಾತೇ ಹೊರಡ್ಲಿಲ್ಲ."

ಹಿಂದಿನ ಸಾಲಿನಲ್ಲಿ, ಪಕ್ಕದ ಸೊಸೈಟಿಯಿಂದ ಬಂದು ಕೂತಿದ್ದ ವಾರಿಜಾ ಸುಬ್ಬಲಕ್ಷ್ಮಿಯವರ ತೊಡೆ ಚಿವುಟಿದಳು. ಮಾತು ಹೊರಡಲಿಲ್ಲ ಎಂಬುದು ಸುಳ್ಳೇನೂ ಅಲ್ಲವಲ್ಲ. ಗೊರಕೆ ಮಾತ್ರ ಹೊರಟಿತ್ತು. ಭಾಷಣ ಮುಗಿದಾಗ ಚಪ್ಪಾಳೆಯ ಮೇಲೆ ಚಪ್ಪಾಳೆ. ಎರಡನೇ ಮಹಡಿಯ ಧನರಾಜ್ ಅಲ್ಲೇ ಎದ್ದು, ಸೊಸೈಟಿಯ ಹಿರಿಯರೆಲ್ಲ ಒಟ್ಟಿಗೆ ಇಂಥದೇ ಪ್ರಯಾಣ ಮಾಡಬೇಕು, ಅದಕ್ಕೊಂದು ಸಮಿತಿ ಆಗಬೇಕು, ಜಯಸಿಂಹರೇ ಅಧ್ಯಕ್ಷರಾಗಬೇಕು ಎಂದರು. ಕಾರ್ಯದರ್ಶಿ ನಾಲ್ಕನೇ ಮಹಡಿಯ ಗುರುಪಾದ. ಅಧ್ಯಕ್ಷರು ಕಣ್ಣು ತುಂಬಿಕೊಂಡು ಒಪ್ಪಿದರು.

ಸಮಿತಿ ಭಾನುವಾರ ಭಾನುವಾರ ಸೇರತೊಡಗಿತು. ಬಟಾಟೆವಡೆ, ಚಹಾ, ಚರ್ಚೆ. ಮೊದಲ ಸಭೆಯಲ್ಲಿ ಸಮಿತಿಗೆ ಹೆಸರಿಡಲಾಯಿತು. ಎರಡನೆಯದರಲ್ಲಿ ಹೆಸರು ಬದಲಾಯಿತು.

ಅತ್ತ ಸುಬ್ಬಲಕ್ಷ್ಮಿಯವರೂ ವಾರಿಜಾಳೂ ಮತ್ತೆ ಕೌಂಟರಿಗೆ ಹೋದರು. ಈ ಸಲ ಗಾಜೂ ಬೇಡ, ತಂಪೂ ಬೇಡ, ಕಬ್ಬಿಣದ ಸರಳಿನ ಕಿಟಕಿ ಇರುವ ಸಾದಾ ಸ್ಲೀಪರ್ ಸಾಕು ಎಂದುಕೊಂಡರು. ಮಳೆ ಹಿಡಿದು ನೋಡಬೇಕಲ್ಲ! ಹೋದರು, ರತ್ನಾಗಿರಿಯಲ್ಲೇ ಇಳಿದರು, ಯಾವುದೋ ಖಾನಾವಳಿಯಲ್ಲಿ ಕೋಕಮ್, ತೆಂಗಿನಹಾಲಿನ ಸೋಲ್‌ಕಡಿ ಕುಡಿದರು, ವಾರಿಜಾ ಒಂದು ಸಲ ಜಾರಿ ಬಿದ್ದು ಅಲ್ಲೇ ಕೂತು ನಗಾಡಿದಳು. ಊರಿನ ಹಳೆಯ ಟೆಲಿಫೋನ್ ಆಫೀಸಿನ ಮುಂದೆ ನಿಂತು ಇಬ್ಬರೂ ಫೋಟೋ ತೆಗೆಸಿಕೊಂಡರು. ಮಾಧುರಿಯ ವಿಷಯ ಅಲ್ಲಿ ಯಾರಿಗೂ ತಿಳಿಯದು. ಇವರು ವಿಚಾರಿಸಿದ ವಾಚ್‌ಮನ್ ಆಗ ಹುಟ್ಟಿಯೇ ಇರಲಿಲ್ಲವಂತೆ.

ವಾಪಸು ಬಂದ ದಿನ ಭಾನುವಾರವಾಗಿತ್ತು. ಕೊಡೆ ಮಡಚಿ ಮನೆಯೊಳಗೆ ಕಾಲಿಟ್ಟರೆ ಹಾಲಿನ ತುಂಬ ಸಮಿತಿ. ಸುರಂಗ ಬಂದಾಗ ಬೋಗಿಯೊಳಗೆ ದೀಪ ಹಾಕುತ್ತಾರೆಯೇ, ಹಾಕದಿದ್ದರೆ ಹಿರಿಯರು ಶೌಚಾಲಯಕ್ಕೆ ಹೋಗುವುದು ಹೇಗೆ ಎಂಬ ಗಂಭೀರ ಪ್ರಶ್ನೆಯ ಮೇಲೆ ಚರ್ಚೆ ಕಾವೇರಿತ್ತು. ಅಧ್ಯಕ್ಷರು ಇದನ್ನು ರೈಲ್ವೆಗೆ ಬರೆದು ಕೇಳೋಣವೆಂದು ಸೂಚಿಸಿದ್ದರು.

"ಹಾಕ್ತಾರೆ," ಎಂದರು ಸುಬ್ಬಲಕ್ಷ್ಮಿ, ಚಪ್ಪಲಿ ಬಿಡುತ್ತ.

ಗುರುಪಾದ ಅಧ್ಯಕ್ಷರ ಮುಖ ನೋಡಿದರು. ಅಧ್ಯಕ್ಷರು ಗಂಟಲು ಸರಿಮಾಡಿಕೊಂಡು, ಹೊರಗಿನವರ ಅಭಿಪ್ರಾಯವನ್ನು ಸಮಿತಿ ದಾಖಲಿಸುವಂತಿಲ್ಲ ಎಂದರು.

"ಹಾಗಾದ್ರೆ ಬರೆದೇ ಕೇಳಿ," ಎಂದು ಸುಬ್ಬಲಕ್ಷ್ಮಿ ಒದ್ದೆ ಸೀರೆ ಬದಲಾಯಿಸಲು ಒಳಗೆ ಹೋದರು. ಹೊರಗಿನಿಂದ, ಇನ್ನೊಂದು ಸುತ್ತು ಚಹಾ ಆಗಬಹುದೇ ಎಂದು ಯಾರೋ ಕೇಳಿದ್ದು ಕೇಳಿಸಿತು. ಅವರು ಕೋಣೆಯ ಬಾಗಿಲು ಹಾಕಿಕೊಂಡರು.